ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ, ಬೇಗ ಸಿಗುವ ರಿಪೋರ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಒಂದು ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ನನ್ನ ಕೆಲಸ. ಸ್ಯಾಂಪಲ್ ಕೊಡಲು ಬಂದವರು, ಐಸಿಯು ಹೊರಗೆ ಕಾಯುವ ಮನೆಯವರು, ಕೆಲವು ಸಲ ಡಾಕ್ಟರ್‌ಗಳೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇದು ಟೆಸ್ಟ್‌ಗಳ ಬಗ್ಗೆ ಮಾಹಿತಿ ಮಾತ್ರ. ಯಾವ ಮಾತ್ರೆ, ಎಷ್ಟು ದಿನ ಅನ್ನುವುದನ್ನು ನಿಮ್ಮನ್ನು ನೋಡಿದ ಡಾಕ್ಟರೇ ಹೇಳಬೇಕು.

ಕಲ್ಚರ್ ರಿಪೋರ್ಟ್‌ಗೆ ಎರಡು ಮೂರು ದಿನ ಯಾಕೆ? ಉಳಿದ ರಿಪೋರ್ಟ್ ಎಲ್ಲಾ ಸಂಜೆಯೊಳಗೆ ಬರುತ್ತಲ್ವಾ?

ಉಳಿದ ಟೆಸ್ಟ್‌ಗಳಲ್ಲಿ ರಕ್ತದಲ್ಲಿ ಈಗಾಗಲೇ ಇರುವುದನ್ನು ಮೆಷಿನ್ ಅಳೆಯುತ್ತದೆ. ಇಲ್ಲಿ ಬ್ಯಾಕ್ಟೀರಿಯಾ ಬೆಳೆಯಬೇಕು. ಅದೂ ಎರಡು ಸಲ.

ಮೂತ್ರದ ಸ್ಯಾಂಪಲ್ಲನ್ನೇ ತೆಗೆದುಕೊಳ್ಳಿ. ಅಳತೆಯ ಲೂಪ್‌ನಲ್ಲಿ, ಅಂದರೆ ತುದಿಯಲ್ಲಿ ಬಳೆ ಇರುವ ಕಡ್ಡಿಯಲ್ಲಿ, ಒಂದು ಹನಿಗಿಂತ ಕಡಿಮೆ ತೆಗೆದು ಪ್ಲೇಟ್ ಮೇಲೆ, ಅಂದರೆ ಬ್ಯಾಕ್ಟೀರಿಯಾಕ್ಕೆ ಬೇಕಾದ ಆಹಾರ ಹಾಕಿಟ್ಟ ಪುಟ್ಟ ತಟ್ಟೆಯ ಮೇಲೆ ಎಳೆಯುತ್ತೇವೆ. ಪ್ಲೇಟ್ ರಾತ್ರಿಯಿಡೀ 35ರಿಂದ 37 ಡಿಗ್ರಿ ಸೆಲ್ಸಿಯಸ್ ಶಾಖದ ಇನ್‌ಕ್ಯುಬೇಟರ್‌ನಲ್ಲಿ ಇರುತ್ತದೆ. ಬೆಳಿಗ್ಗೆ ಹೊರಗೆ ತೆಗೆದರೆ ಗುಲಾಬಿ ಬಣ್ಣದ ಚುಕ್ಕೆಗಳು. ಚಪ್ಪಟೆಯಾಗಿ, ಒಣಗಿದಂತೆ ಇದ್ದರೆ ಇ. ಕೋಲೈ ಇರಬಹುದು ಅಂತ ಅನುಮಾನ. ಉಬ್ಬಿಕೊಂಡು ಲೋಳೆ ಲೋಳೆಯಾಗಿದ್ದರೆ ಕ್ಲೆಬ್ಸಿಯೆಲ್ಲಾ ಇರಬಹುದು. ಇಷ್ಟಕ್ಕೆ ಒಂದು ದಿನ ಆಯಿತು. ಯಾವ ಔಷಧಿಗೆ ಇದು ಸಾಯುತ್ತದೆ ಅನ್ನುವುದು ಇನ್ನೂ ಗೊತ್ತಿಲ್ಲ.

ಆಮೇಲೆ ಆ ಚುಕ್ಕೆಗಳನ್ನು ಸಲೈನ್‌ನಲ್ಲಿ ಕದಡಿ ಇನ್ನೊಂದು ಪ್ಲೇಟ್ ತುಂಬಾ ಸವರುತ್ತೇವೆ. ಅದರ ಮೇಲೆ 6 ಮಿಲಿಮೀಟರ್ ಅಗಲದ ಪುಟ್ಟ ಕಾಗದದ ಬಿಲ್ಲೆಗಳು, ಒಂದೊಂದರಲ್ಲೂ ಒಂದೊಂದು ಆಂಟಿಬಯಾಟಿಕ್. ಮತ್ತೆ 16ರಿಂದ 18 ಗಂಟೆ ಕಾಯಬೇಕು. ಔಷಧಿ ಕೆಲಸ ಮಾಡಿದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿಯಾದ ವೃತ್ತ ಇರುತ್ತದೆ. ಕೆಲಸ ಮಾಡದಿದ್ದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬೆಳೆದಿರುತ್ತದೆ. ಸ್ಕೇಲ್ ಹಿಡಿದು ವೃತ್ತದ ಅಗಲ ಅಳೆದು, ಆ ಬ್ಯಾಕ್ಟೀರಿಯಾಕ್ಕೆ ನಿಗದಿಯಾದ ಅಳತೆಯ ಜೊತೆ ಹೋಲಿಸಿ ರಿಪೋರ್ಟ್ ಬರೆಯುತ್ತೇವೆ. ಕಿರ್ಬಿ, ಬಾಯರ್ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ವಿಧಾನ ಇದು. ಅಗ್ಗ, ನಂಬಬಹುದು, ಕಣ್ಣಿಗೆ ಕಾಣುತ್ತದೆ. ಇವತ್ತಿಗೂ ಸಾವಿರಾರು ಲ್ಯಾಬ್‌ಗಳು ಇದರ ಮೇಲೇ ನಡೆಯುತ್ತಿವೆ.

ರಕ್ತದ ಕಲ್ಚರ್ ಇನ್ನೂ ನಿಧಾನ. ಬಾಟಲಿಯನ್ನು ಮೆಷಿನ್‌ನಲ್ಲಿ ಇಟ್ಟು 5 ದಿನದವರೆಗೆ ನೋಡುತ್ತೇವೆ. ಬ್ಯಾಕ್ಟೀರಿಯಾ ಇದ್ದರೆ ಸಾಮಾನ್ಯವಾಗಿ ಮೊದಲ ಒಂದೆರಡು ದಿನದಲ್ಲೇ ಮೆಷಿನ್ ಅಲಾರಂ ಕೊಡುತ್ತದೆ. ಗುರುತಿಸುವ ಕೆಲಸ ಶುರುವಾಗುವುದೇ ಆಮೇಲೆ.

ಅಲ್ಲಿಯವರೆಗೆ ಡಾಕ್ಟರ್ ಯಾವ ಆಧಾರದ ಮೇಲೆ ಔಷಧಿ ಕೊಡುತ್ತಾರೆ?

ಅಂದಾಜಿನ ಮೇಲೆ. ಸುಮ್ನೆ ಮಾಡುವ ಅಂದಾಜಲ್ಲ. ಸೋಂಕು ದೇಹದ ಯಾವ ಭಾಗದಲ್ಲಿದೆ, ಆ ಆಸ್ಪತ್ರೆಯಲ್ಲಿ ಯಾವ ಬ್ಯಾಕ್ಟೀರಿಯಾ ಜಾಸ್ತಿ, ರೋಗಿ ಮೊದಲು ಏನು ತಗೊಂಡಿದ್ದಾರೆ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಸೋಂಕು ರಕ್ತಕ್ಕೆ ಏರಿ ಬಿಪಿ ಕುಸಿದಿದ್ದರೆ ಮೊದಲ ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ಬೀಳಬೇಕು ಅನ್ನುವುದು ಜಗತ್ತಿನಾದ್ಯಂತ ಒಪ್ಪಿರುವ ಸಲಹೆ. ಅಲ್ಲಿ ರಿಪೋರ್ಟ್‌ಗೆ ಕಾಯುತ್ತಾ ಕೂರಲು ಆಗುವುದಿಲ್ಲ.

ತೊಂದರೆ ಎರಡು ಕಡೆಯಿಂದಲೂ ಇದೆ. ಅಂದಾಜು ತಪ್ಪಿದರೆ ರೋಗಿಗೆ ಎರಡು ದಿನ ಕೆಲಸ ಮಾಡದ ಔಷಧಿ ಹೋಗುತ್ತದೆ. ತಪ್ಪಬಾರದು ಅಂತ ಎಲ್ಲರಿಗೂ ಬಲವಾದ ಔಷಧಿಯನ್ನೇ ಕೊಟ್ಟರೆ, ಆ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾ ವಾರ್ಡ್‌ನಲ್ಲಿ ಹೆಚ್ಚುತ್ತದೆ. ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 2022ರಲ್ಲಿ ಬಂದ ಜಾಗತಿಕ ಲೆಕ್ಕದ ಪ್ರಕಾರ, 2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಸತ್ತವರು ಸುಮಾರು 12 ಲಕ್ಷ 70 ಸಾವಿರ. ಈ ಎರಡು ದಿನದ ಕುರುಡು ಅವಧಿಯನ್ನು ಕಡಿಮೆ ಮಾಡುವುದೇ ರ‍್ಯಾಪಿಡ್ ಟೆಸ್ಟ್‌ಗಳ ಕೆಲಸ.

ರ‍್ಯಾಪಿಡ್ ಟೆಸ್ಟ್ ಅಂದರೆ ಕೋವಿಡ್ ಕಿಟ್ ತರಹ ಎರಡು ಗೆರೆ ಬರುವುದಾ?

ಅಂಥದ್ದೂ ಒಂದಿದೆ, ಮುಂದೆ ಹೇಳುತ್ತೇನೆ. ಆದರೆ "ರ‍್ಯಾಪಿಡ್" ಅನ್ನುವ ಪದದ ಕೆಳಗೆ ಬೇರೆ ಬೇರೆ ಟೆಸ್ಟ್‌ಗಳು ಬರುತ್ತವೆ. ಬ್ಯಾಕ್ಟೀರಿಯಾ ಇದೆಯಾ, ಇದ್ದರೆ ಯಾವುದು, ಅದಕ್ಕೆ ಯಾವ ಔಷಧಿ ನಾಟುತ್ತದೆ, ಇವು ಮೂರು ಬೇರೆ ಪ್ರಶ್ನೆಗಳು. ಬೇಗ ಬರುವ ಬಹಳಷ್ಟು ರಿಪೋರ್ಟ್‌ಗಳು ಮೊದಲ ಎರಡಕ್ಕೆ ಮಾತ್ರ ಉತ್ತರ ಕೊಡುತ್ತವೆ.

ಉದಾಹರಣೆಗೆ ಮಾಲ್ಡಿ-ಟಾಫ್ ಅನ್ನುವ ಮೆಷಿನ್. ಪ್ಲೇಟ್ ಮೇಲೆ ಬೆಳೆದ ಚುಕ್ಕೆಯನ್ನು ಅದರೊಳಗೆ ಇಟ್ಟರೆ ಕೆಲವೇ ನಿಮಿಷದಲ್ಲಿ ಬ್ಯಾಕ್ಟೀರಿಯಾದ ಹೆಸರು ಹೇಳುತ್ತದೆ. ನಮ್ಮಂಥವರಿಗೆ ಅದು ದೊಡ್ಡ ವರ. ಯಾವ ಔಷಧಿಗೆ ಬಗ್ಗುವುದಿಲ್ಲ ಅನ್ನುವುದನ್ನು ಮಾತ್ರ ದಿನನಿತ್ಯದ ಬಳಕೆಯಲ್ಲಿ ಅದು ಹೇಳುವುದಿಲ್ಲ. ಟೆಸ್ಟ್ ಬರೆಸಿಕೊಳ್ಳುವಾಗ "ಇದು ಈ ಮೂರರಲ್ಲಿ ಯಾವುದನ್ನು ಹೇಳುತ್ತದೆ?" ಅಂತ ಧಾರಾಳವಾಗಿ ಕೇಳಿ.

ಜೀನ್ ಹುಡುಕುವ ಟೆಸ್ಟ್ ಹೇಗೆ ಕೆಲಸ ಮಾಡುತ್ತದೆ?

ಬ್ಯಾಕ್ಟೀರಿಯಾಕ್ಕೆ ಔಷಧಿಯಿಂದ ತಪ್ಪಿಸಿಕೊಳ್ಳುವ ಶಕ್ತಿ ಅದರ ಜೀನ್‌ಗಳಿಂದ ಬರುತ್ತದೆ. ಪಿಸಿಆರ್, ಅಂದರೆ ಜೀನ್‌ನ ನಕಲುಗಳನ್ನು ಹೆಚ್ಚಿಸಿ ಪತ್ತೆ ಮಾಡುವ ವಿಧಾನದ ಮೂಲಕ ಆ ಜೀನನ್ನೇ ನೇರವಾಗಿ ಹುಡುಕಿದರೆ ಬೆಳೆಯುವವರೆಗೆ ಕಾಯಬೇಕಿಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್‌ನಲ್ಲಿ ಮೆಕ್-ಎ ಅನ್ನುವ ಜೀನ್ ಸಿಕ್ಕರೆ ಅದು ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್ ಗುಂಪಿನ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ. ಕ್ಲಾಕ್ಸಾಸಿಲಿನ್, ಸೆಫಾಜೋಲಿನ್ ತರಹದ ಔಷಧಿ ಅದಕ್ಕೆ ನಾಟುವುದಿಲ್ಲ. ರಕ್ತದ ಬಾಟಲಿ ಅಲಾರಂ ಕೊಟ್ಟ ಮೇಲೆ ಅದರಿಂದ ಸ್ವಲ್ಪ ತೆಗೆದು ಹಾಕಿದರೆ, ಸುಮಾರು ಒಂದು ಗಂಟೆಯಲ್ಲಿ ಹತ್ತಾರು ಬ್ಯಾಕ್ಟೀರಿಯಾ ಮತ್ತು ಮುಖ್ಯವಾದ ರೆಸಿಸ್ಟೆನ್ಸ್ (ಔಷಧಿಗೆ ಬಗ್ಗದಿರುವ ಗುಣ) ಜೀನ್‌ಗಳನ್ನು ಒಟ್ಟಿಗೆ ಹುಡುಕುವ ಪ್ಯಾನೆಲ್‌ಗಳೂ ಇವೆ.

ನಮ್ಮ ದೇಶದಲ್ಲಿ ಜಾಸ್ತಿ ತಲೆನೋವು ಕೊಡುವುದು ಕಾರ್ಬಪೆನಮೇಸ್‌ಗಳು. ಮೆರೋಪೆನೆಮ್‌ನಂಥ ಬಲವಾದ ಇಂಜೆಕ್ಷನ್‌ಗಳನ್ನು ಒಡೆದುಹಾಕುವ ಕಿಣ್ವಗಳು ಇವು. ಎನ್‌ಡಿಎಂ, ಆಕ್ಸಾ-48, ಕೆಪಿಸಿ, ವಿಮ್, ಇಂಪ್ ಅಂತ ಐದು ಮುಖ್ಯ ಗುಂಪುಗಳು. ಭಾರತದಲ್ಲಿ ಎನ್‌ಡಿಎಂ ಮತ್ತು ಆಕ್ಸಾ-48 ಹೆಚ್ಚು ಸಿಗುತ್ತವೆ. ಪಿಸಿಆರ್ ಕಾರ್ಟ್ರಿಜ್ ಈ ಐದನ್ನೂ ಒಂದು ಗಂಟೆಯೊಳಗೆ ಬೇರೆ ಬೇರೆಯಾಗಿ ಗುರುತಿಸುತ್ತದೆ. ನೀವು ಕೇಳಿದ ಗೆರೆ ಬರುವ ಕಿಟ್ ಕೂಡ ಇಲ್ಲೇ ಬರುತ್ತದೆ: ಪ್ಲೇಟ್ ಮೇಲಿನ ಚುಕ್ಕೆಯನ್ನು ದ್ರವದಲ್ಲಿ ಕದಡಿ ಹನಿ ಹಾಕಿದರೆ 15 ನಿಮಿಷದಲ್ಲಿ ಯಾವ ಕಿಣ್ವ ಅಂತ ಗೆರೆ ಮೂಡುತ್ತದೆ.

ಯಾವ ಗುಂಪು ಅಂತ ತಿಳಿದರೆ ಏನು ಲಾಭ? ಬಹಳ. ಸೆಫ್ಟಾಜಿಡೈಮ್-ಅವಿಬ್ಯಾಕ್ಟಮ್ ಅನ್ನುವ ದುಬಾರಿ ಇಂಜೆಕ್ಷನ್ ಕೆಪಿಸಿ ಮತ್ತು ಆಕ್ಸಾ-48 ಇದ್ದರೆ ಕೆಲಸ ಮಾಡಬಲ್ಲದು. ಎನ್‌ಡಿಎಂ ಇದ್ದರೆ ಅದೊಂದೇ ಸಾಲದು, ಜೊತೆಗೆ ಅಜ್ಟ್ರಿಯೋನಾಮ್ ಅನ್ನುವ ಇನ್ನೊಂದು ಆಂಟಿಬಯಾಟಿಕ್ ಬೇಕಾಗುತ್ತದೆ. ಆ 15 ನಿಮಿಷದ ಗೆರೆ ಐಸಿಯುನಲ್ಲಿರುವ ಒಬ್ಬರ ಚಿಕಿತ್ಸೆಯ ದಾರಿಯನ್ನೇ ಅದೇ ದಿನ ಬದಲಿಸಬಹುದು.

ಜೀನ್ ಸಿಗಲಿಲ್ಲ ಅಂದರೆ ಔಷಧಿ ಖಂಡಿತ ಕೆಲಸ ಮಾಡುತ್ತದಾ?

ಇಲ್ಲ. ಈ ತಪ್ಪು ಗ್ರಹಿಕೆ ಓದಿದವರಲ್ಲೂ ಇದೆ. ಪ್ಯಾನೆಲ್ ತನ್ನ ಪಟ್ಟಿಯಲ್ಲಿರುವ ಜೀನ್‌ಗಳನ್ನಷ್ಟೇ ಹುಡುಕುತ್ತದೆ. ಬ್ಯಾಕ್ಟೀರಿಯಾ ಬೇರೆ ದಾರಿ ಹಿಡಿದಿರಬಹುದು. ಔಷಧಿ ಒಳಗೆ ಬರುವ ರಂಧ್ರ ಮುಚ್ಚಿಕೊಂಡಿರಬಹುದು, ಒಳಗೆ ಬಂದದ್ದನ್ನು ಪಂಪ್ ಮಾಡಿ ಹೊರಗೆ ಹಾಕುತ್ತಿರಬಹುದು. ಅದಕ್ಕೇ ಜೀನ್ ಟೆಸ್ಟ್ ಮಾಡಿಸಿದರೂ ಕಲ್ಚರ್ ನಿಲ್ಲಿಸುವುದಿಲ್ಲ. "ಪಿಸಿಆರ್ ಆಯ್ತಲ್ಲ, ಕಲ್ಚರ್ ದುಡ್ಡು ಯಾಕೆ?" ಅಂತ ಕೇಳುವವರಿಗೆ ನನ್ನ ಉತ್ತರ ಇದು.

ಬೆಳೆಸಿ ನೋಡುವುದನ್ನೇ ಬೇಗ ಮಾಡಲು ಆಗಲ್ವಾ?

ಆಗುತ್ತದೆ. ನನಗೆ ಅತಿ ಹೆಚ್ಚು ಭರವಸೆ ಇರುವುದೂ ಇದರ ಮೇಲೆಯೇ. ಯಾಕೆಂದರೆ ಇಲ್ಲಿ ಯಾವ ಜೀನ್ ಇದೆ ಅನ್ನುವ ಚಿಂತೆ ಇಲ್ಲ. ಔಷಧಿ ಹಾಕಿದ ಮೇಲೆ ಬ್ಯಾಕ್ಟೀರಿಯಾ ಬೆಳೆಯಿತಾ, ಇಲ್ವಾ, ಅಷ್ಟೇ ಪ್ರಶ್ನೆ.

ಒಂದು ದಾರಿಗೆ ಹೊಸ ಮೆಷಿನ್ ಕೂಡ ಬೇಡ. ಅಲಾರಂ ಕೊಟ್ಟ ರಕ್ತದ ಬಾಟಲಿಯಿಂದ ನೇರವಾಗಿ ಪ್ಲೇಟ್‌ಗೆ ಹಾಕಿ, ಬಿಲ್ಲೆ ಇಟ್ಟು, 4, 6 ಅಥವಾ 8 ಗಂಟೆಗೆ ವೃತ್ತ ಅಳೆಯುವುದು. ಆಂಟಿಬಯಾಟಿಕ್ ಟೆಸ್ಟ್‌ಗಳ ಅಳತೆ ನಿರ್ಧರಿಸುವ ಯುರೋಪಿನ ಯೂಕ್ಯಾಸ್ಟ್ ಸಮಿತಿ ಇದಕ್ಕೆಂದೇ ಬೇರೆ ಅಳತೆಗಳನ್ನು ನಿಗದಿ ಮಾಡಿದೆ. ಅದೇ ಬಿಲ್ಲೆ, ಅದೇ ಪ್ಲೇಟ್. ಬೇಕಾದದ್ದು ಆ ಹೊತ್ತಿಗೆ ಸರಿಯಾಗಿ ಪ್ಲೇಟ್ ಓದಲು ಲ್ಯಾಬ್‌ನಲ್ಲಿ ಒಬ್ಬರು. ರಾತ್ರಿ ಪಾಳಿಯಲ್ಲಿ ಜನ ಇಲ್ಲದ ಲ್ಯಾಬ್‌ಗೆ ಎಂಥ ವೇಗದ ಟೆಸ್ಟ್ ತಂದರೂ ಬೆಳಿಗ್ಗೆವರೆಗೆ ರಿಪೋರ್ಟ್ ಬರುವುದಿಲ್ಲ. ನಮ್ಮ ಆಸ್ಪತ್ರೆಗಳು ಮೊದಲು ಖರ್ಚು ಮಾಡಬೇಕಾದದ್ದು ಇಲ್ಲಿ ಅಂತ ನನ್ನ ಅಭಿಪ್ರಾಯ.

ಇನ್ನೊಂದು ದಾರಿ ಮೈಕ್ರೋಸ್ಕೋಪ್. ಇ. ಕೋಲೈ ಒಳ್ಳೆಯ ಆಹಾರ, ಶಾಖ ಸಿಕ್ಕರೆ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಚುಕ್ಕೆ ನಮ್ಮ ಕಣ್ಣಿಗೆ ಕಾಣಲು ರಾತ್ರಿಯೆಲ್ಲ ಬೇಕು, ನಿಜ. ಒಂದೊಂದೇ ಜೀವಕೋಶವನ್ನು ಕ್ಯಾಮೆರಾ ನೋಡುತ್ತಿದ್ದರೆ ಅಷ್ಟು ಹೊತ್ತು ಬೇಡ. ಸ್ವೀಡನ್‌ನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬಂದ ಪಿಎ-100 ಅನ್ನುವ ಉಪಕರಣ ಮಾಡುವುದು ಇದನ್ನೇ. ಅರ್ಧ ಮಿಲಿಲೀಟರ್‌ಗಿಂತ ಕಡಿಮೆ ಮೂತ್ರ ಸಾಕು. ಕೂದಲಿಗಿಂತ ಎಷ್ಟೋ ಸಣ್ಣ ಕಾಲುವೆಗಳಲ್ಲಿ ಬ್ಯಾಕ್ಟೀರಿಯಾವನ್ನು ಹಿಡಿದು, ಕೆಲವು ಕಾಲುವೆಗಳಲ್ಲಿ ಆಂಟಿಬಯಾಟಿಕ್ ಹರಿಸಿ, ಎಲ್ಲಿ ಬೆಳವಣಿಗೆ ನಿಂತಿತು ಅಂತ ನೋಡುತ್ತದೆ. ಸೋಂಕು ಇದೆಯಾ ಅನ್ನುವುದಕ್ಕೆ 15 ನಿಮಿಷ, ಯಾವ ಔಷಧಿ ನಾಟುತ್ತದೆ ಅನ್ನುವುದಕ್ಕೆ ಒಟ್ಟು 45 ನಿಮಿಷ. 2014ರಲ್ಲಿ ಘೋಷಿಸಿದ್ದ 80 ಲಕ್ಷ ಪೌಂಡ್‌ಗಳ ಬ್ರಿಟನ್‌ನ ಲಾಂಜಿಟ್ಯೂಡ್ ಪ್ರೈಜ್, ಅಂದರೆ ಇಂಥ ವೇಗದ ಟೆಸ್ಟ್ ಕಂಡುಹಿಡಿದವರಿಗೆ ಇಟ್ಟ ಬಹುಮಾನ, 2024ರಲ್ಲಿ ಇದಕ್ಕೆ ಸಿಕ್ಕಿತು. ಹತ್ತು ವರ್ಷ ಬೇಕಾಯಿತು ಅಂದರೆ ಕೆಲಸ ಎಷ್ಟು ಕಷ್ಟದ್ದು ಅಂತ ಊಹಿಸಿ.

ಬೆಂಗಳೂರಿನಲ್ಲಿ ಇಂಥ ಕೆಲಸ ನಡೆಯುತ್ತಿದೆಯಾ?

ಟಿಬಿ ವಿಷಯದಲ್ಲಿ ನಮ್ಮೂರು ಹೆಮ್ಮೆ ಪಡಬಹುದು. ಇವತ್ತು ದೇಶದ ಮೂಲೆ ಮೂಲೆಯ ಆರೋಗ್ಯ ಕೇಂದ್ರಗಳಲ್ಲಿರುವ, ಟಿಬಿಯ ಜೀನ್ ಹುಡುಕುವ ಟ್ರೂನ್ಯಾಟ್ ಮೆಷಿನ್ ಅಭಿವೃದ್ಧಿಯಾದದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ. ತಯಾರಿಸುವುದು ಗೋವಾದ ಮೋಲ್‌ಬಯೋ. ಬ್ಯಾಟರಿಯಲ್ಲೂ ಓಡುತ್ತದೆ. ಎಸಿ ರೂಮ್ ಇಲ್ಲದ, ಕರೆಂಟ್ ಹೋಗಿ ಬರುವ ಕಡೆಗೂ ಒಯ್ಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದ ಇದೆ, ಟಿಬಿ ಪರೀಕ್ಷೆಗೆ ರಾಷ್ಟ್ರಮಟ್ಟದ ರೆಫರೆನ್ಸ್ ಲ್ಯಾಬ್ ಕೂಡ ಅಲ್ಲೇ. ಜಿಕೆವಿಕೆ ಬಳಿಯ ಸಿ-ಕ್ಯಾಂಪ್ ಅನ್ನುವ ಜೀವವಿಜ್ಞಾನ ಕೇಂದ್ರ ಈ ಕ್ಷೇತ್ರದ ಹೊಸ ಕಂಪನಿಗಳಿಗೆ ನೆರವು ಕೊಡುತ್ತಿದೆ.

ಟಿಬಿಗೆ ಔಷಧಿ ನಾಟುತ್ತಾ ಅಂತ ಎಷ್ಟು ಬೇಗ ತಿಳಿಯುತ್ತದೆ?

ಟಿಬಿ ಬ್ಯಾಕ್ಟೀರಿಯಾ ಬಹಳ ನಿಧಾನಕ್ಕೆ ಬೆಳೆಯುತ್ತದೆ. ದ್ರವದ ಕಲ್ಚರ್‌ನಲ್ಲಿ ನೆಗೆಟಿವ್ ಅಂತ ಹೇಳಲು 6 ವಾರ ಕಾಯುತ್ತೇವೆ. ಜೀನ್ ಟೆಸ್ಟ್‌ನ ನಿಜವಾದ ಬೆಲೆ ತಿಳಿಯುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಶಿಫಾರಸು ಮಾಡಿದ ಜೀನ್‌ಎಕ್ಸ್‌ಪರ್ಟ್, ಅಂದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಬಿನ್ಯಾಟ್ ಅಂತ ಕರೆಯುವುದು, ಸುಮಾರು ಎರಡು ಗಂಟೆಯಲ್ಲಿ ಕಫದಲ್ಲಿ ಟಿಬಿ ಇದೆಯಾ ಮತ್ತು ಅದು ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗುತ್ತದಾ ಎರಡನ್ನೂ ಹೇಳುತ್ತದೆ. ಟ್ರೂನ್ಯಾಟ್‌ನಲ್ಲಿ ಮೊದಲು ಟಿಬಿ ಇದೆಯಾ ಅಂತ ನೋಡಿ, ಪಾಸಿಟಿವ್ ಬಂದರೆ ರಿಫಾಂಪಿಸಿನ್‌ಗೆ ಇನ್ನೊಂದು ಚಿಪ್ ಹಾಕುತ್ತಾರೆ. ಐಸೋನಿಯಾಜಿಡ್ ಮತ್ತು ಉಳಿದ ಔಷಧಿಗಳಿಗೆ ಲೈನ್ ಪ್ರೋಬ್ ಟೆಸ್ಟ್ (ಜೀನ್‌ನ ಬದಲಾವಣೆಯನ್ನು ಪಟ್ಟಿಯ ಮೇಲೆ ಗೆರೆಗಳಾಗಿ ತೋರಿಸುವುದು) ಮತ್ತು ಕಲ್ಚರ್ ಬೇಕು.

ಇವೆಲ್ಲ ಸರ್ಕಾರದ ಟಿಬಿ ಕಾರ್ಯಕ್ರಮದಲ್ಲಿ ಉಚಿತ. ಎರಡು ವಾರ ದಾಟಿದ ಕೆಮ್ಮು ಇದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಡಬ್ಬಿಯಲ್ಲಿ ಎಂಜಲು ತುಂಬಿ ಕೊಟ್ಟರೆ ಪ್ರಯೋಜನವಿಲ್ಲ. ಎದೆಯಾಳದಿಂದ ಕೆಮ್ಮಿ ತೆಗೆದ ಗಟ್ಟಿ ಕಫ ಬೇಕು. ಇನ್ನೊಂದು ವಿಷಯ: ಈ ಟೆಸ್ಟ್‌ಗಳು ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಹಿಡಿಯುತ್ತವೆ. ಹಾಗಾಗಿ ಚಿಕಿತ್ಸೆ ನಡೆಯುವಾಗ ಗುಣ ಆಗುತ್ತಿದೆಯಾ ಅಂತ ನೋಡಲು ಇವನ್ನು ಬಳಸುವುದಿಲ್ಲ.

ವಿಡಾಲ್ ಪಾಸಿಟಿವ್ ಬಂದಿದೆ. ಆಂಟಿಬಯಾಟಿಕ್ ಶುರು ಮಾಡಬಹುದಲ್ವಾ?

ವಿಡಾಲ್ ಅಂದರೆ ಟೈಫಾಯ್ಡ್‌ಗೆ ಮಾಡಿಸುವ ಹಳೆಯ ರಕ್ತದ ಟೆಸ್ಟ್. ಅದು ಬ್ಯಾಕ್ಟೀರಿಯಾವನ್ನು ಹುಡುಕುವುದೇ ಇಲ್ಲ. ನಿಮ್ಮ ರಕ್ತದಲ್ಲಿರುವ ಪ್ರತಿಕಾಯಗಳನ್ನು ನೋಡುತ್ತದೆ. ಹಿಂದೆ ಯಾವಾಗಲೋ ಟೈಫಾಯ್ಡ್ ಬಂದಿದ್ದರೂ, ಬೇರೆ ಜ್ವರ ಇದ್ದರೂ ಪಾಸಿಟಿವ್ ಬರಬಹುದು. ಮಳೆಗಾಲದಲ್ಲಿ ಡೆಂಗಿ ಜ್ವರದವರು ವಿಡಾಲ್ ರಿಪೋರ್ಟ್ ಹಿಡಿದು ಆಂಟಿಬಯಾಟಿಕ್ ನುಂಗುವುದನ್ನು ನೋಡಿದರೆ ಸಂಕಟ ಆಗುತ್ತದೆ. ಡೆಂಗಿ ವೈರಸ್‌ನಿಂದ ಬರುವುದು, ಅದಕ್ಕೆ ಯಾವ ಆಂಟಿಬಯಾಟಿಕ್ಕೂ ನಾಟುವುದಿಲ್ಲ.

ನಿಜವಾಗಿ ಟೈಫಾಯ್ಡ್ ಇದ್ದರೂ ಯಾವ ಔಷಧಿ ಅನ್ನುವುದನ್ನು ವಿಡಾಲ್ ಹೇಳಲಾರದು. ಒಂದು ಕಾಲಕ್ಕೆ ಟೈಫಾಯ್ಡ್‌ಗೆ ಕಣ್ಣು ಮುಚ್ಚಿ ಸಿಪ್ರೋಫ್ಲಾಕ್ಸಾಸಿನ್ ಬರೆಯುತ್ತಿದ್ದರು. ಈಗ ನಮ್ಮ ಭಾಗದ ಬಹುಪಾಲು ಟೈಫಾಯ್ಡ್ ಬ್ಯಾಕ್ಟೀರಿಯಾ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಜ್ವರದ ಮೊದಲ ವಾರದಲ್ಲಿ, ಆಂಟಿಬಯಾಟಿಕ್ ಶುರು ಮಾಡುವ ಮುಂಚೆ ರಕ್ತದ ಕಲ್ಚರ್ ಮಾಡಿಸಿ. ಅದರಲ್ಲೂ ಎಲ್ಲ ಟೈಫಾಯ್ಡ್ ಸಿಕ್ಕಿಬೀಳುವುದಿಲ್ಲ, ಆದರೆ ಸಿಕ್ಕರೆ ಔಷಧಿಯ ಉತ್ತರವೂ ಸಿಗುತ್ತದೆ.

ಸಿಆರ್‌ಪಿ, ಪ್ರೊಕ್ಯಾಲ್ಸಿಟೋನಿನ್ ಟೆಸ್ಟ್ ಇದಕ್ಕೆ ಸಾಕಾ?

ಸಾಲದು. ಸೋಂಕು, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ವಸ್ತುಗಳನ್ನು ಇವು ಅಳೆಯುತ್ತವೆ. ಬ್ಯಾಕ್ಟೀರಿಯಾ ಸೋಂಕು ಇರಬಹುದಾ ಅನ್ನಲು ಅವು ಸಹಾಯ ಮಾಡುತ್ತವೆ. ರೆಸಿಸ್ಟೆನ್ಸ್ ಬಗ್ಗೆ ಏನೂ ಹೇಳುವುದಿಲ್ಲ.

ನಿನ್ನೆ ಎರಡು ಮಾತ್ರೆ ತಗೊಂಡೆ. ಇವತ್ತು ಸ್ಯಾಂಪಲ್ ಕೊಟ್ಟರೆ ನಡೆಯುತ್ತಾ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಒಂದೆರಡು ಡೋಸ್ ಒಳಗೆ ಹೋದರೂ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಇರಬಹುದು. ಸೋಂಕು ಹೋಗಿರುವುದಿಲ್ಲ. ಸ್ಯಾಂಪಲ್‌ನಲ್ಲಿರುವ ಬ್ಯಾಕ್ಟೀರಿಯಾ ಅರೆಜೀವವಾಗಿರುತ್ತದೆ, ಪ್ಲೇಟ್ ಮೇಲೆ ಏಳುವುದಿಲ್ಲ. ನಾವು "ಬೆಳವಣಿಗೆ ಇಲ್ಲ" ಅಂತ ಬರೆಯುತ್ತೇವೆ. ನಾಲ್ಕು ದಿನ ಬಿಟ್ಟು ಜ್ವರ ಮತ್ತೆ ಏರುತ್ತದೆ, ಆಗ ಡಾಕ್ಟರ್ ಕೈಯಲ್ಲಿ ಬ್ಯಾಕ್ಟೀರಿಯಾದ ಹೆಸರೂ ಇಲ್ಲ, ಯಾವ ಔಷಧಿ ನಾಟುತ್ತದೆ ಅನ್ನುವ ಸೆನ್ಸಿಟಿವಿಟಿಯೂ ಇಲ್ಲ. ಎಷ್ಟು ಲಕ್ಷದ ಮೆಷಿನ್ ಇದ್ದರೂ ಬೆಳೆದು ತೋರಿಸುವ ಟೆಸ್ಟ್‌ಗೆ ಜೀವಂತ ಬ್ಯಾಕ್ಟೀರಿಯಾ ಬೇಕೇ ಬೇಕು. ಎರಡು ದಿನದ ರಿಪೋರ್ಟನ್ನು 45 ನಿಮಿಷಕ್ಕೆ ಇಳಿಸಲು ಜಗತ್ತು ಇಷ್ಟು ಒದ್ದಾಡುತ್ತಿದೆ. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಕೊಂಡ ಎರಡು ಮಾತ್ರೆ ಅದೆಲ್ಲವನ್ನೂ ವ್ಯರ್ಥ ಮಾಡಬಹುದು.

ಆ ಮಾತ್ರೆ ಹಾಗೆ ಸಿಗಲೂಬಾರದು. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್-1 ಪಟ್ಟಿಯಲ್ಲಿರುವ ಆಂಟಿಬಯಾಟಿಕ್‌ಗಳನ್ನು ಮಾರುವಾಗ ಅಂಗಡಿಯವರು ರೋಗಿಯ ಹೆಸರು, ಡಾಕ್ಟರ್ ಹೆಸರು ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಮಾತ್ರೆಯ ಸ್ಟ್ರಿಪ್ ಮೇಲಿನ ಕೆಂಪು ಗೆರೆ, ಅಂದರೆ ಡಾಕ್ಟರ್ ಚೀಟಿ ಇಲ್ಲದೆ ತಗೊಳ್ಳಬಾರದು ಅನ್ನುವ ಗುರುತು, ನೆನಪಿರಲಿ.

ಈಗಾಗಲೇ ತಗೊಂಡಿದ್ದೀರಾ? ಮುಚ್ಚಿಡಬೇಡಿ. ಯಾವ ಮಾತ್ರೆ, ಯಾವಾಗ ಅಂತ ಕೌಂಟರ್‌ನಲ್ಲಿ ಹೇಳಿ, ಫಾರ್ಮ್ ಮೇಲೆ ಬರೆಯುತ್ತಾರೆ. ಹಾಗಂತ ಡಾಕ್ಟರ್ ಕೊಟ್ಟ ಔಷಧಿಯನ್ನು ಟೆಸ್ಟ್‌ಗೋಸ್ಕರ ನೀವೇ ನಿಲ್ಲಿಸಬೇಡಿ. ತೀರಾ ಹುಷಾರಿಲ್ಲದವರಿಗೆ ರಕ್ತ ತೆಗೆದು ಆ ಕೂಡಲೇ ಇಂಜೆಕ್ಷನ್ ಕೊಡುತ್ತಾರೆ, ಮಧ್ಯೆ ಕೆಲವು ನಿಮಿಷ ಸಾಕು.

ಮೂತ್ರದ ಸ್ಯಾಂಪಲ್ ಮನೆಯಿಂದ ತರಬಹುದಾ?

ತರಬಹುದು. ನೀರಿನಲ್ಲಿ ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ಮಧ್ಯದ ಧಾರೆಯನ್ನು ಲ್ಯಾಬ್ ಕೊಟ್ಟ ಸ್ಟೆರೈಲ್ ಡಬ್ಬಿಯಲ್ಲಿ ಹಿಡಿಯಿರಿ. ಡಬ್ಬಿಯ ಒಳಗೆ ಬೆರಳು ತಾಗಬಾರದು. ಜಾಮ್ ಬಾಟಲಿ ತೊಳೆದು ತರುವವರು ಇನ್ನೂ ಇದ್ದಾರೆ, ದಯವಿಟ್ಟು ಬೇಡ. ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಸಿಲ್ಕ್ ಬೋರ್ಡ್ ದಾಟಿ ಬರುವವರಿಗೆ ಅದು ಕಷ್ಟ ಅಂತ ಗೊತ್ತು. ಅಂಥವರು ಡಬ್ಬಿಯನ್ನು ಫ್ರಿಜ್‌ನಲ್ಲಿಟ್ಟು, ಐಸ್ ಪ್ಯಾಕ್ ಜೊತೆ ತನ್ನಿ, ಇಲ್ಲವೇ ಲ್ಯಾಬ್‌ಗೇ ಬಂದು ಕೊಡಿ. ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಕೂತ ಮೂತ್ರದಲ್ಲಿ ಚರ್ಮದ ಮೇಲಿನ ಬ್ಯಾಕ್ಟೀರಿಯಾವೂ ಬೆಳೆದುಬಿಡುತ್ತದೆ.

ರಿಪೋರ್ಟ್‌ನಲ್ಲಿರುವ ಎಸ್, ಐ, ಆರ್ ಮತ್ತು ಪಕ್ಕದ ಸಂಖ್ಯೆ ಏನು?

ಎಸ್ ಅಂದರೆ ಸಾಮಾನ್ಯ ಡೋಸ್‌ನಲ್ಲಿ ಔಷಧಿ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಆರ್ ಅಂದರೆ ಕೆಲಸ ಮಾಡುವ ಸಾಧ್ಯತೆ ಕಡಿಮೆ. ಐ ಬಂದರೆ ಡೋಸ್ ಹೆಚ್ಚಿಸಿದರೆ ಅಥವಾ ಔಷಧಿ ಹೆಚ್ಚು ಸೇರುವ ಜಾಗದಲ್ಲಿ ಸೋಂಕಿದ್ದರೆ ಉಪಯೋಗ ಆಗಬಹುದು, ಅದು ಡಾಕ್ಟರ್ ತೀರ್ಮಾನ. ಸಂಖ್ಯೆ ಎಂಐಸಿ, ಅಂದರೆ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯಲು ಬೇಕಾದ ಅತಿ ಕಡಿಮೆ ಪ್ರಮಾಣ.

ಒಂದು ಔಷಧಿಗೆ 0.5, ಇನ್ನೊಂದಕ್ಕೆ 4 ಇದ್ದರೆ ಮೊದಲನೆಯದೇ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ಪ್ರತಿ ಔಷಧಿಗೂ ಮಿತಿ ಬೇರೆ. ಔಷಧಿ ಸೋಂಕಿನ ಜಾಗಕ್ಕೆ ತಲುಪಬೇಕು ಅನ್ನುವುದೂ ಇದೆ. ನೈಟ್ರೋಫ್ಯುರಾಂಟೋಯಿನ್ ಮೂತ್ರಕೋಶದ ಸೋಂಕಿಗೆ ಒಳ್ಳೆಯದು, ಕಿಡ್ನಿ ಸೋಂಕಿಗೆ ಅದನ್ನು ಕೊಡುವುದಿಲ್ಲ. ರಿಪೋರ್ಟ್‌ನಲ್ಲಿ ಎಸ್ ಇದ್ದರೂ ಅಷ್ಟೇ.

ನನ್ನ ದೇಹವೇ ಔಷಧಿಗೆ ಒಗ್ಗಿಹೋಗಿದೆಯಾ?

ಇಲ್ಲ, ಬದಲಾದದ್ದು ಬ್ಯಾಕ್ಟೀರಿಯಾ. ಹಾಗಾಗಿ ಯಾವತ್ತೂ ಆಂಟಿಬಯಾಟಿಕ್ ಮುಟ್ಟದವರಿಗೂ ಇಂಥ ಸೋಂಕು ಬರಬಹುದು.

ಈ ಟೆಸ್ಟ್‌ಗಳು ದುಬಾರಿ. ಯಾರಿಗೆ ಮಾಡಿಸಬೇಕು?

ದೊಡ್ಡ ಪ್ಯಾನೆಲ್‌ಗಳ ಬೆಲೆ ಸಾಮಾನ್ಯ ಕಲ್ಚರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಓಡಾಡಿಕೊಂಡಿರುವವರ ಉರಿಮೂತ್ರಕ್ಕೆ ಅದು ಬೇಡ. ಐಸಿಯುನಲ್ಲಿರುವವರು, ರಕ್ತದಲ್ಲಿ ಸೋಂಕು ಇರುವವರು, ಕೀಮೋಥೆರಪಿ ಪಡೆಯುವವರು, ನವಜಾತ ಶಿಶುಗಳು, ಇವರಿಗೆ ಒಂದು ದಿನ ಮುಂಚೆ ಉತ್ತರ ಸಿಕ್ಕರೂ ದೊಡ್ಡ ವ್ಯತ್ಯಾಸ ಆಗಬಹುದು. ಮಾಡಿಸುವ ಮುಂಚೆ ಡಾಕ್ಟರ್ ಹತ್ತಿರ ಕೇಳಿ: "ರಿಪೋರ್ಟ್ ರಾತ್ರಿ ಬಂದರೆ ರಾತ್ರಿಯೇ ಔಷಧಿ ಬದಲಿಸುತ್ತೀರಾ?" ಇದು ಉಡಾಫೆಯ ಪ್ರಶ್ನೆ ಅಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನಿಂದ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೇಗದ ರಿಪೋರ್ಟ್ ಜೊತೆಗೆ ಆಂಟಿಬಯಾಟಿಕ್ ತಜ್ಞರ ತಂಡದ ಸಲಹೆಯೂ ಸಿಕ್ಕಾಗ ಅನಗತ್ಯವಾದ ಬಲವಾದ ಔಷಧಿಗಳನ್ನು ಬೇಗ ಕಡಿಮೆ ಮಾಡಿದ್ದು ಕಂಡುಬಂತು.

ಮನೆಯಲ್ಲೇ ಮಾಡಿಕೊಳ್ಳುವ ಟೆಸ್ಟ್ ಇದೆಯಾ?

ಮೂತ್ರದಲ್ಲಿ ಅದ್ದುವ ಪಟ್ಟಿ ಸಿಗುತ್ತದೆ. ಸೋಂಕಿನ ಸುಳಿವು ಕೊಡುತ್ತದೆ, ಔಷಧಿಯ ಉತ್ತರ ಕೊಡುವುದಿಲ್ಲ.

ಹಳೆಯ ಕಲ್ಚರ್ ರಿಪೋರ್ಟ್ ಇಟ್ಟುಕೊಳ್ಳಬೇಕಾ?

ಖಂಡಿತ. ಹೊಸ ಡಾಕ್ಟರ್ ಮಾಡುವ ಮೊದಲ ಅಂದಾಜಿಗೆ ಇದಕ್ಕಿಂತ ಒಳ್ಳೆಯ ಸಹಾಯ ಸಿಗುವುದು ಕಷ್ಟ. ಹೋದ ಸಲ ಯಾವ ಬ್ಯಾಕ್ಟೀರಿಯಾ ಇತ್ತು, ಯಾವುದಕ್ಕೆ ಆರ್ ಬಂದಿತ್ತು, ಯಾವ ಔಷಧಿಯಲ್ಲಿ ಗುಣ ಆಯಿತು ಅನ್ನುವುದು ಕೈಯಲ್ಲಿದ್ದರೆ ಹೊಸ ರಿಪೋರ್ಟ್ ಬರುವ ಮುಂಚೆಯೇ ಅವರು ಎಚ್ಚರ ವಹಿಸುತ್ತಾರೆ. ದಿನಾಂಕ ಕಾಣುವ ಹಾಗೆ ಫೋನ್‌ನಲ್ಲಿ ಫೋಟೋ ತೆಗೆದಿಡಿ. ಮನೆಯಲ್ಲಿ ಅಜ್ಜಿ ತಾತ ಇದ್ದು, ಪದೇ ಪದೇ ಆಸ್ಪತ್ರೆ ಸೇರುವವರಾದರೆ, ಕಳೆದ ಬಾರಿ ಐಸಿಯುನಲ್ಲಿ ಎಷ್ಟು ದಿನ ಇದ್ದರು, ಯಾವ ಇಂಜೆಕ್ಷನ್ ಕೊಟ್ಟರು ಅನ್ನುವ ಡಿಸ್ಚಾರ್ಜ್ ಹಾಳೆಯನ್ನೂ ಅದರ ಜೊತೆಗೇ ಇಡಿ. ಹಳೆಯ ರಿಪೋರ್ಟ್ ನೋಡಿ ಅದೇ ಮಾತ್ರೆಯನ್ನು ನೀವೇ ಮತ್ತೆ ಕೊಳ್ಳಬೇಡಿ, ಈ ಸಲದ ಬ್ಯಾಕ್ಟೀರಿಯಾ ಬೇರೆ ಇರಬಹುದು.